ನೀಲವ್ವನ ಪಚಿಂಕೋ

ಕಳೆದ ಶುಕ್ರವಾರ ಸಂಜೆ ದುಬೈನ ಸತ್ವಾ ಪೇಟೆಗೆ ಹೋಗಿದ್ದು ಬ್ಲೌಸ್ ಹೊಲಿಯಲು ಕೊಡುವುದಕ್ಕೆ. ವಾಪಸ್ ಬಂದಿದ್ದು ಒಂದು ವಿಡಿಯೋ ಗೇಮ್ ಹಿಡಿದುಕೊಂಡು.

ನಗಬೇಡಿ. ಟೇಲರ್ ಮಾಸ್ಟರ್ "ದಸ್ ಮಿನಿಟ್, ಮೇಡಂ" ಎಂದ. ಸತ್ವಾದ ಹತ್ತು ನಿಮಿಷ ಎಂದರೆ ಎಷ್ಟೆಂದು ನಿಮಗೆ ಗೊತ್ತಿದೆ. ಸುಮ್ಮನೆ ನಿಲ್ಲುವುದೇಕೆಂದು ಪಕ್ಕದ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೊಕ್ಕೆ. ಚಾರ್ಜರ್ ಇಲ್ಲದ ಮೊಬೈಲ್‌ಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ರಿಮೋಟ್‌ಗಳು, ಬಾಯಿ ಬಿಟ್ಟುಕೊಂಡ ವಿಸಿಆರ್. ಗಾಜಿನ ಕಪಾಟಿನ ಕೆಳಗಿನ ಖಾನೆಯಲ್ಲಿ ಬೂದು ಬಣ್ಣದ ಒಂದು ಕ್ಯಾಸೆಟ್ ಬಿದ್ದಿತ್ತು. ಅದರ ಮೇಲೆ ಜಪಾನಿ ಅಕ್ಷರ, ಅಕ್ಷರದ ಕೆಳಗೆ ಒಂದು ಚಿತ್ರ. ದುಂಡನೆಯ ಹಲಗೆ, ಹಲಗೆಯ ತುಂಬ ಸಣ್ಣ ಸಣ್ಣ ಮೊಳೆ, ನಡುವೆ ಏಳರ ಅಂಕೆ ಮೂರು ಸಲ.

ಕಾಲು ಅಲ್ಲೇ ನಿಂತವು.

"ಮೇಡಂ, ಇದು ನಡೆಯಲ್ಲ. ಇದನ್ನು ಹಾಕೋ ಮಷೀನೇ ಈಗ ಸಿಗಲ್ಲ" ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿದ. ಪಾಪ, ಪ್ರಾಮಾಣಿಕ ಮನುಷ್ಯ. ಆದರೂ ತೆಗೆದುಕೊಂಡೆ. ಮನೆಗೆ ಬಂದರೆ ಹದಿನೈದು ವರ್ಷದ ನನ್ನ ಮಗ ಅದನ್ನು ಎರಡು ನಿಮಿಷ ಇಂಟರ್‌ನೆಟ್ಟಿನಲ್ಲಿ ಹುಡುಕಿ ತೀರ್ಪು ಕೊಟ್ಟ. "ಅಮ್ಮ, ದಿಸ್ ಈಸ್ ನಾಟ್ ಈವನ್ ಎ ಗೇಮ್. ಯು ಜಸ್ಟ್ ಸಿಟ್ ಅಂಡ್ ವಾಚ್."

ಈ ಅಂಕಣದಲ್ಲಿ ನಾನು ಇಷ್ಟು ದಿನ ಊರವರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದಿದ್ದೇನೆ. ಲಿಫ್ಟಿನಲ್ಲಿ ಜೋರಾಗಿ ಫೋನ್ ಮಾಡುವವರಿಗೆ, ಪಾಟ್‌ಲಕ್‌ಗೆ ಖಾಲಿ ಕೈಯಲ್ಲಿ ಬಂದು ತುಂಬಿದ ಡಬ್ಬಿ ಒಯ್ಯುವವರಿಗೆ, ಎಲ್ಲರಿಗೂ ಆಗಿದೆ. ಇವತ್ತು ಸರದಿ ನನ್ನದು.

ಹತ್ತು ವರ್ಷದ ಹಿಂದಿನ ಮಾತು. ಆಗ ನಾವು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಐದನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿದ್ದೆವು. ಶೇರಿಂಗ್ ಫ್ಲಾಟ್. ಒಂದು ರೂಮು ನಮಗೆ, ಇನ್ನೊಂದು ರೂಮು ಗದಗ ಕಡೆಯ ಬಸವರಾಜ್ ಸಂಸಾರಕ್ಕೆ. ಬಸವರಾಜ್ ಬಿಲ್ಡಿಂಗ್ ಮೇಂಟೆನೆನ್ಸ್ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ಅವರ ಹೆಂಡತಿ ಕಸ್ತೂರಿ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿ. ಎಂಟು ವರ್ಷದ ಮಗ ವಿನಯ್. ಹಾಲು, ಅಡುಗೆಮನೆ, ವಾಷಿಂಗ್ ಮಷೀನು ಮತ್ತು ಟಿವಿ ಎರಡೂ ಮನೆಗೆ ಸೇರಿದ್ದು. (ಇಲ್ಲಿ ಹಾಲು ಎಂದರೆ ಹಾಲ್. ಕುಡಿಯುವ ಹಾಲು ಬೇರೆ ಬೇರೆ, ಫ್ರಿಜ್ಜಿನಲ್ಲಿ ಹೆಸರು ಬರೆದು ಇಡುತ್ತಿದ್ದೆವು.)

ಶೇರಿಂಗ್ ಫ್ಲಾಟಿನಲ್ಲಿ ಬದುಕಿದವರಿಗೆ ಫ್ರಿಜ್ಜಿನ ಬಾಗಿಲು ಏನೆಂದು ಹೇಳಬೇಕಾಗಿಲ್ಲ. ಅದೇ ನಮ್ಮ ನೋಟಿಸ್ ಬೋರ್ಡು. ಯಾರು ಎಷ್ಟು ಹೊತ್ತಿಗೆ ಒಲೆ ಹಚ್ಚಬೇಕು, ಯಾವ ದಿನ ಯಾರ ಬಟ್ಟೆ, ಎಷ್ಟರಿಂದ ಎಷ್ಟರವರೆಗೆ ಯಾರಿಗೆ ಟಿವಿ, ಎಲ್ಲ ಟೈಮ್‌ಟೇಬಲ್ ಅಲ್ಲಿ. ತಕರಾರು ಇದ್ದರೂ ಅಲ್ಲೇ. ಬಾಯಿಬಿಟ್ಟು ಹೇಳಿದರೆ ಜಗಳವಾಗುತ್ತದೆ, ಜಗಳವಾದರೆ ಹೋಗುವುದೆಲ್ಲಿಗೆ? ಅದಕ್ಕೇ ಚೀಟಿ. "ದಯವಿಟ್ಟು ಸಿಂಕ್‌ನಲ್ಲಿ ಅನ್ನದ ಅಗುಳು ಬಿಡಬೇಡಿ" ಎಂದು ಬರೆದು ಮ್ಯಾಗ್ನೆಟ್ ಒತ್ತಿದರೆ ಮುಗಿಯಿತು. ಎರಡು ವರ್ಷ ಒಂದೇ ಒಂದು ಜಗಳವಿಲ್ಲದೆ ಬದುಕಿದೆವು. ನನಗೆ ಅದರ ಬಗ್ಗೆ ಬಹಳ ಹೆಮ್ಮೆ ಇತ್ತು.

ಆಗ ಬಂದರು ಬಸವರಾಜ್ ಅವರ ತಾಯಿ, ನೀಲವ್ವ. ಮೂರು ತಿಂಗಳ ವಿಸಿಟ್ ವೀಸಾ. ನಾವೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದೆವು. ಅರವತ್ತರ ಆಸುಪಾಸು, ಗಟ್ಟಿ ಜೀವ. ಕೌದಿ ಹೊಲಿದು ಹೊಲಿದು ಹದವಾದ ಬೆರಳು. ಓದು ಬರಹ ಇಲ್ಲ. ಬೆಳಿಗ್ಗೆ ಮಗ ಸೊಸೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಮೊಮ್ಮಗನಿಗೆ ಮಧ್ಯಾಹ್ನದ ಶಿಫ್ಟ್ ಶಾಲೆ. ಕೆಳಗೆ ಇಳಿದರೆ ಭಾಷೆ ಬಾರದು. ಐದನೇ ಮಹಡಿಯ ಕಿಟಕಿಯಿಂದ ಕಾಣುವುದು ಎದುರು ಬಿಲ್ಡಿಂಗಿನ ಎಸಿ ಡಬ್ಬಿಗಳು. ಮನೆಯಲ್ಲಿ ಇದ್ದವಳು ನಾನೊಬ್ಬಳು, ಐದು ವರ್ಷದ ಮಗನನ್ನು ಮಲಗಿಸಿಕೊಂಡು.

ಅವ್ವ ಬಂದ ವಾರವೇ ಬಸವರಾಜ್ ಮಗನಿಗೆಂದು ಸತ್ವಾದಿಂದ ಹಳೆಯ ವಿಡಿಯೋ ಗೇಮ್ ಸೆಟ್ ತಂದರು. ಜಪಾನಿನಿಂದ ನೇರ ಬಂದ ಮಾಲು. ಅಲ್ಲಿನ ಕರೆಂಟಿಗೆ ಮಾಡಿದ್ದು ಇಲ್ಲಿನ ಕರೆಂಟಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. ಅದಕ್ಕೆ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್ ಡೌನ್ ಬೇಕು. ಇಟ್ಟಿಗೆಯಷ್ಟು ಭಾರದ ಆ ಪೆಟ್ಟಿಗೆ ಆನ್ ಮಾಡಿದೊಡನೆ ಗುಂಯ್ ಎನ್ನುತ್ತಿತ್ತು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕ್ಯಾಸೆಟ್. ಒಂದು ಕಾರ್ ರೇಸು, ಒಂದು ಫುಟ್‌ಬಾಲು. ಮೂರನೆಯದು ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ವಿನಯ್ ಹಾಕಿ ನೋಡಿದ. ಟಿವಿ ತುಂಬ ಮೊಳೆ ಹೊಡೆದ ಹಲಗೆ. ಒಂದು ಗುಂಡಿ ಒತ್ತಿ ಎಷ್ಟು ಜೋರು ಬೇಕೆಂದು ಗೊತ್ತುಮಾಡಿದರೆ ಆಯಿತು, ಸಣ್ಣ ಉಕ್ಕಿನ ಗುಂಡುಗಳು ಒಂದರ ಹಿಂದೊಂದು ತಾವೇ ಚಿಮ್ಮುತ್ತವೆ, ಮೊಳೆಗೆ ಬಡಿಯುತ್ತವೆ, ಕೆಳಗಿನ ತೂತಿನಲ್ಲಿ ಬಿದ್ದು ಮಾಯವಾಗುತ್ತವೆ. ಎಲ್ಲೋ ಒಂದು ನಡುವಿನ ಬಟ್ಟಲಿಗೆ ಬಿದ್ದರೆ ಮೂರು ಅಂಕೆ ಗಿರಗಿರ ತಿರುಗುತ್ತವೆ. ಮೂರೂ ಒಂದೇ ಬಂದರೆ ಬ್ಯಾಂಡ್ ಬಾಜಾ. ಅಷ್ಟೇ. "ಬೋರಿಂಗ್! ಇದರಲ್ಲಿ ನಾವು ಏನೂ ಮಾಡೋದೇ ಇಲ್ಲ!" ಎಂದು ಹುಡುಗ ಎಸೆದುಬಿಟ್ಟ.

ಎತ್ತಿಕೊಂಡವರು ಅವ್ವ.

ಯೋಚಿಸಿದರೆ ಅದು ಸರಿಯೇ. ಕಾರ್ ರೇಸಿನ ವೇಗ ಅವರಿಗೆ ಆಗದು. ಇದಕ್ಕೆ ವೇಗ ಬೇಡ. ಜಪಾನಿ ಅಕ್ಷರ ನಮಗೆಲ್ಲ ಗೋಡೆ. ಅವ್ವನಿಗೆ ಇಂಗ್ಲಿಷೂ ಅಷ್ಟೇ, ಕನ್ನಡವೂ ಅಷ್ಟೇ, ಜಪಾನಿಯೂ ಅಷ್ಟೇ. ಅಕ್ಷರದ ಗೊಡವೆಗೆ ಹೋಗದೆ ಅವರು ಜಾಗ ನೆನಪಿಟ್ಟುಕೊಂಡರು. "ಎರಡ ಸಲ ಕೆಳಗ, ಒಂದ ಸಲ ಕೆಂಪ ಗುಂಡಿ" ಎನ್ನುತ್ತಿದ್ದರು. ಒಂದು ದಿನ ನಾನು ಕುತೂಹಲಕ್ಕೆ ಹಾಕಲು ಹೋಗಿ ಎಲ್ಲೋ ಸಿಕ್ಕಿಕೊಂಡೆ. ಎಂ.ಎ. ಮಾಡಿದವಳು ನಾನು. ಅವ್ವನನ್ನೇ ಕರೆಯಬೇಕಾಯಿತು. ಅವರು ಬಂದು ಟಕ್ ಟಕ್ ಎಂದು ಎರಡು ಒತ್ತಿ, "ಓದಿದವರಿಗೆ ಇದು ಬರಂಗಿಲ್ಲ ನೋಡ ತಂಗಿ" ಎಂದು ಬಾಯಿ ತುಂಬ ನಕ್ಕರು. ನಾನೂ ನಕ್ಕೆ. ಒಳಗೊಳಗೆ ಉರಿಯಿತು ಎಂದು ಈಗ ಹೇಳಲು ನಾಚಿಕೆಯಿಲ್ಲ.

ಆ ಆಟದಲ್ಲಿ ಸಾಲಾಗಿ ಹತ್ತಾರು ಹಲಗೆ ಕಾಣಿಸುತ್ತಿದ್ದವು, ಬೇಕಾದದ್ದನ್ನು ಆರಿಸಿಕೊಳ್ಳಬೇಕು. ನನಗೆ ಎಲ್ಲವೂ ಒಂದೇ. ಅವ್ವ ಮಾತ್ರ ಟಿವಿಗೆ ಮೂಗು ಹತ್ತಿಸಿ ಮೊಳೆ ನೋಡುತ್ತಿದ್ದರು. "ಇದರಾಗ ಈ ಎರಡ ಮೊಳಿ ನಡುವ ಒಂದ ಎಳಿಯಷ್ಟ ಸಂದ ಜಾಸ್ತಿ ಐತಿ. ಇಲ್ಲಿ ಬೀಳತಾವ." ಬೀಳುತ್ತಿದ್ದವು! ಕೌದಿ ಹೊಲಿದ ಕಣ್ಣು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಟಿವಿ ಖಾಲಿ ಇರುತ್ತಿತ್ತು. ಟೈಮ್‌ಟೇಬಲ್ಲಿನಲ್ಲಿ ಆ ಜಾಗದಲ್ಲಿ ಯಾರ ಹೆಸರೂ ಇರಲಿಲ್ಲ. ಅವ್ವ ಅಲ್ಲಿ ಕೂತರು. ಸ್ಟೆಪ್ ಡೌನ್ ಗುಂಯ್ ಎನ್ನುತ್ತಿತ್ತು, ಗುಂಡುಗಳು ಟಿಣ್ ಟಿಣ್ ಎನ್ನುತ್ತಿದ್ದವು, ಅವ್ವನ ಮುಖದಲ್ಲಿ ಒಂದು ಬೆಳಕು. ಒಂದು ಸಲ ಒಲೆಯ ಮೇಲೆ ಹಾಲಿಟ್ಟು ಮರೆತು ಕಟ್ಟೆಯೆಲ್ಲ ಉಕ್ಕಿ ಹರಿದಿತ್ತು. ನಾನೇ ಒರೆಸಿದೆ. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಅಷ್ಟರಲ್ಲಿ ನಮ್ಮ ಬಿಲ್ಡಿಂಗಿಗೆ ಡಿಶ್ ಬಂತು. ಡಿಶ್ ಜೊತೆ ಕನ್ನಡ ಚಾನೆಲ್ ಬಂತು. ಅದರಲ್ಲಿ ಒಂದು ಧಾರಾವಾಹಿ. ಇಂಡಿಯಾದಲ್ಲಿ ನಾಲ್ಕೂವರೆಗೆ, ನಮಗೆ ಮೂರಕ್ಕೆ.

ಈಗ ಅರ್ಥವಾಯಿತಲ್ಲ?

ಮೂರು ಗಂಟೆಗೆ ನನಗೆ ಟಿವಿ ಬೇಕು. ಮೂರು ಗಂಟೆಗೆ ಟಿವಿ ಮುಂದೆ ಅವ್ವ. "ಅವ್ವ, ಅರ್ಧ ಗಂಟೆ ನಾನು ನೋಡ್ಲಾ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಐದೇ ಐದು ಪದ. ಆದರೆ ಎರಡು ವರ್ಷ ಚೀಟಿಯಲ್ಲೇ ಮಾತಾಡಿದವಳಿಗೆ ಬಾಯಿ ಬರಲಿಲ್ಲ. ಚೀಟಿ ಅಂಟಿಸಿದರೆ ಅವ್ವನಿಗೆ ಓದಲು ಬಾರದು. ಕೇಳಿದರೆ ಧಾರಾವಾಹಿ ಹುಚ್ಚಿನವಳು ಎಂದುಕೊಂಡಾರು ಎಂಬ ಬಿಂಕ ಬೇರೆ. ಹಾಗಾಗಿ ನಾನು ಇನ್ನೊಂದು ದಾರಿ ಹುಡುಕಿದೆ.

ನಮ್ಮವರ ಆಫೀಸಿನಲ್ಲಿ ಒಬ್ಬ ಜಪಾನಿ ಎಂಜಿನಿಯರ್ ಇದ್ದರು. ಆ ಕ್ಯಾಸೆಟ್ಟನ್ನು ಊಟದ ಬ್ಯಾಗಿನಲ್ಲಿ ಹಾಕಿ ಕಳಿಸಿದೆ. ಇದೇನೆಂದು ಕೇಳಿಕೊಂಡು ಬನ್ನಿ ಎಂದೆ. ಸಂಜೆ ನಮ್ಮವರು ನಗುತ್ತ ಬಂದರು. "ಇದರ ಹೆಸರು ಪಚಿಂಕೋ ಅಂತೆ. ಅವರ ಊರಲ್ಲಿ ಇದಕ್ಕೇ ದೊಡ್ಡ ದೊಡ್ಡ ಹಾಲ್ ಇದೆಯಂತೆ, ಬೆಳಿಗ್ಗೆಯಿಂದ ಜನ ಕೂತು ಆಡ್ತಾರಂತೆ. ಒಂಥರಾ ಜೂಜು. ಆದ್ರೆ ಇದು ಬರೀ ಟಿವಿ ಆಟ, ಇದರಲ್ಲಿ ಯಾರೂ ಏನೂ ಕಳ್ಕೊಳ್ಳಲ್ಲ, ಅಜ್ಜಿ ಆರಾಮಾಗಿ ಆಡ್ಲಿ ಅಂದ್ರು."

ಎರಡು ಮಾತು ಬಂದವು. ನಾನು ಒಂದನ್ನೇ ಇಟ್ಟುಕೊಂಡೆ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಬಸವರಾಜ್ ಅವರ ತಂದೆ ಇಸ್ಪೀಟಿನ ಮನುಷ್ಯ. ಜೀವಮಾನವೆಲ್ಲ ಎಲೆಯ ಮುಂದೆ ಕೂತು, ಎಲೆಯ ಮುಂದೆಯೇ ತೀರಿಕೊಂಡವರು. ಆ ಮನೆಯಲ್ಲಿ ಇಸ್ಪೀಟು ಎಂಬ ಪದ ಕೂಡ ಆಡುವಂತಿರಲಿಲ್ಲ. ಕಸ್ತೂರಿ ಒಮ್ಮೆ ರೊಟ್ಟಿ ಬಡಿಯುತ್ತ ಇದನ್ನು ನನಗೆ ಹೇಳಿದ್ದಳು, ಯಾರಿಗೂ ಹೇಳಬೇಡ ಅಕ್ಕ ಎಂದು. ಅಂದರೆ, ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಶುಕ್ರವಾರದ ಊಟ ಎರಡೂ ಮನೆಗೆ ಒಟ್ಟಿಗೆ. ಅವರ ರೊಟ್ಟಿ, ಎಣ್ಣೆಗಾಯಿ, ನನ್ನ ಬಿಸಿಬೇಳೆ ಬಾತು. ಹಾಲ್‌ನಲ್ಲಿ ಹಾಳೆ ಹಾಸಿ ಎಲ್ಲರೂ ಕೂತಿದ್ದೆವು. ನಾನು ಬಡಿಸುತ್ತ, ಏನೋ ತಮಾಷೆಯ ಸುದ್ದಿ ಎಂಬಂತೆ, "ಬಸವರಾಜ್, ಆ ಮೂರನೇ ಗೇಮ್ ಏನು ಅಂತ ಗೊತ್ತಾಯ್ತು ಕಣ್ರೀ. ಪಚಿಂಕೋ ಅಂತೆ. ಜಪಾನಿನ ಜೂಜಂತೆ! ನಮ್ಮ ಅವ್ವ ದಿನಾ ಎರಡು ಗಂಟೆ ಆಡ್ತಿರೋದು ಅದನ್ನೇ" ಎಂದೆ.

ನಮ್ಮವರು ನನ್ನ ಮುಖ ನೋಡಿದರು.

ಬಸವರಾಜ್ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದರು. ಅಷ್ಟು ಮೆತ್ತಗಿನ ಮನುಷ್ಯ, ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಯವ್ವಾ, ಅಪ್ಪ ಮಾಡಿದ್ದು ಸಾಲಲಿಲ್ಲೇನು? ಈ ವಯಸ್ಸಿನ್ಯಾಗ ನೀನೂ ಅದನ್ನ ಹಿಡದೇನು? ಹುಡುಗನ ಮುಂದ?"

ಅವ್ವ ಏನೋ ಹೇಳಲು ಹೋದರು. "ಇದು ಗುಂಡು ಬೀಳೂ ಆಟಪಾ..." ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಶೇಂಗಾ ಚಟ್ನಿಯ ಬಟ್ಟಲನ್ನು ಮಗನ ಕಡೆ ಸರಿಸಿದರು. ಊಟ ಮುಗಿದ ಮೇಲೆ ಬಸವರಾಜ್ ವೈರು ಕಿತ್ತು, ಸ್ಟೆಪ್ ಡೌನ್ ಸಮೇತ ಎಲ್ಲವನ್ನೂ ಡಬ್ಬಕ್ಕೆ ತುಂಬಿದರು. ಮುಂದಿನ ಸಲ ದುಬೈಗೆ ಹೋದಾಗ ಅದು ಮತ್ತೆ ಸತ್ವಾ ಸೇರಿತು. ಕಾರ್ ರೇಸು ಹೋಯಿತೆಂದು ವಿನಯ್ ಎರಡು ದಿನ ಅತ್ತ.

ಶನಿವಾರ ಮೂರು ಗಂಟೆಗೆ ಟಿವಿ ನನ್ನದಾಯಿತು.

ನಾವು ಓದಿದವರು ಇದನ್ನು ಬಹಳ ಚೆನ್ನಾಗಿ ಮಾಡುತ್ತೇವೆ, ಅಲ್ಲವೇ? ನಮಗೆ ಬೇಕಾದದ್ದನ್ನು ಬೇಕು ಎನ್ನುವುದಿಲ್ಲ. ಪಕ್ಕದ ಮನೆಯವರ ಪಾರ್ಕಿಂಗ್ ಬೇಕಿದ್ದರೆ ಫೈರ್ ಸೇಫ್ಟಿ ಮಾತಾಡುತ್ತೇವೆ. ಸಹೋದ್ಯೋಗಿಯ ಸೀಟು ಬೇಕಿದ್ದರೆ ಶಿಸ್ತಿನ ಮಾತು. ನನಗೆ ಬೇಕಿದ್ದದ್ದು ಅರ್ಧ ಗಂಟೆ ಟಿವಿ, ನಾನು ಹೇಳಿದ್ದು ಜೂಜಿನ ಕೆಡುಕು. ಸ್ವಾರ್ಥಕ್ಕೆ ಇಸ್ತ್ರಿ ಹೊಡೆದರೆ ಅದು ನೋಡಲು ನೀತಿಯ ಹಾಗೇ ಇರುತ್ತದೆ.

ಅವ್ವ ಸಿಟ್ಟಾಗಲಿಲ್ಲ. ಅದೇ ಕಷ್ಟವಾಗಿದ್ದು. ಮಧ್ಯಾಹ್ನದ ಹೊತ್ತು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬೇಳೆ ಆರಿಸುತ್ತಿದ್ದರು. ಪ್ಯಾಕೆಟ್ ಬೇಳೆ, ಅದರಲ್ಲಿ ಕಲ್ಲೆಲ್ಲಿ? ಆದರೂ ಆರಿಸುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಬಾಗಿಲಿಗೆ ಬಂದು ನಿಂತರು.

"ನಿನ್ನ ಧಾರಾವಾಹಿ ಇದ ಹೊತ್ತಿಗೇನು ತಂಗಿ?"

"ಹೌದವ್ವ."

"ಹೇಳಬಾರದಾಗಿತ್ತೇನವಾ? ಎದ್ದ ಕೊಡತಿದ್ದೆ."

ನಾನು "ಛೆ ಛೆ, ಹಾಗೇನಿಲ್ಲ ಅವ್ವ" ಎಂದೆ. ಅವರು "ಹೂಂ" ಎಂದು ಒಳಗೆ ಹೋದರು. ಜಾಹೀರಾತು ಮುಗಿಯಿತು, ನಾನು ನೋಡುವುದನ್ನು ಮುಂದುವರಿಸಿದೆ. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಎನ್ನಲಿಲ್ಲ.

ವೀಸಾ ಮುಗಿಯಲು ಮೂರೋ ನಾಲ್ಕೋ ದಿನ ಇದ್ದಾಗ ಅವ್ವ ಪೆಟ್ಟಿಗೆ ತುಂಬುತ್ತಿದ್ದರು. ಊರಲ್ಲಿರುವ ಮಗಳ ಮಕ್ಕಳಿಗೆ ಹಾಲಿನ ಪುಡಿ, ಚಾಕಲೇಟು, ಯಾರಿಗೋ ಟಾರ್ಚು. ನಾನು ಸೀರೆ ಮಡಚಿ ಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ಅವರೇ ಶುರು ಮಾಡಿದರು.

"ಬಸೂನ ಅಪ್ಪ ಇಸ್ಪೀಟ ಆಡೂ ಮನಿ ನಮ್ಮ ಓಣ್ಯಾಗ ಇತ್ತ ತಂಗಿ. ದಿನಾ ಮಧ್ಯಾಹ್ನ ಬುತ್ತಿ ಒಯ್ಯತಿದ್ದೆ. ಬಾಗಲದಾಗ ನಿಂತು ಕೊಟ್ಟ ಬರೂದು. ಹೆಣ್ಣಮಕ್ಕಳು ಒಳಗ ಹೋಗೂಹಂಗಿಲ್ಲ. ಒಳಗ ಏನೈತಿ, ಈ ಮನಶ್ಯಾ ಯಾಕ ಮನಿಗೆ ಬರವಲ್ಲ ಅಂತ ಮೂವತ್ತ ವರ್ಷ ಬಾಗಲದಾಗ ನಿಂತ ವಿಚಾರ ಮಾಡೀನಿ."

ಅವರು ನನ್ನ ಕೈಯ ಸೀರೆ ತೆಗೆದುಕೊಂಡು ಪೆಟ್ಟಿಗೆಗೆ ಇಟ್ಟರು.

"ಅದು ಜೂಜಂತ ನೀ ಹೇಳೂಕ್ಕಿಂತ ಮೊದಲ ನನಗ ಗೊತ್ತಾಗಿತ್ತು. ಆ ಹಲಗಿ ಮುಂದ ಕುಂತಾಗ, ಈಗ ಬಿದ್ದೀತು, ಇದ ಗುಂಡು ಬಿದ್ದೀತು ಅನಕೋತ ಒಲಿ ಮ್ಯಾಲಿನ ಹಾಲ ಮರತೆ ನೋಡು. ಅವತ್ತ ಅನಸಿತು, ಅವರೂ ನಮ್ಮನ್ನ ಹಿಂಗ ಮರತಿದ್ದರೇನೋ ಅಂತ. ಬೇಕಂತ ಬಿಟ್ಟಿರಲಿಕ್ಕಿಲ್ಲ. ಅವರ ಮ್ಯಾಲಿನ ಸಿಟ್ಟು ಒಂದ ಚೂರ ಇಳಿಯಾಕ ಹತ್ತಿತ್ತು ತಂಗಿ."

"ಆಮೇಲೆ ಅವ್ವ?"

"ಆಮ್ಯಾಲೇನು? ಅವರ ಮನಸ ತಿಳಿಯಾಕ ಬಂದಿತ್ತು. ಅಷ್ಟರಾಗ ಬಸೂ ಡಬ್ಬಿ ಕಟ್ಟಿದ."

ಇಷ್ಟು ಹೇಳಿ ಟಾರ್ಚನ್ನು ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟರು. ಎರಡು ದಿನದ ಮೇಲೆ ವಿಮಾನ ಹತ್ತಿದರು. ಮುಂದಿನ ವರ್ಷ ನಾವು ಬೇರೆ ಫ್ಲಾಟಿಗೆ ಹೋದೆವು. ಬಸವರಾಜ್ ದುಬೈಗೆ ಹೋದರು, ಕೆಲವು ವರ್ಷದ ಮೇಲೆ ನಾವೂ. ಯುಗಾದಿಗೆ, ದೀಪಾವಳಿಗೆ ಒಂದು ಎಸ್ಸೆಮ್ಮೆಸ್. ಅವ್ವ ಹೇಗಿದ್ದಾರೆ ಎಂದು ಪ್ರತಿ ಸಲ ಕೇಳುತ್ತಿದ್ದೆ. ಬೇರೇನೂ ಹೇಳುತ್ತಿರಲಿಲ್ಲ.

ಇದು ಹತ್ತು ವರ್ಷ ನನ್ನೊಳಗೆ ಇತ್ತು. ದಿನವೂ ನೆನಪಾಗುತ್ತಿತ್ತು ಎಂದರೆ ಸುಳ್ಳಾದೀತು. ಎಲ್ಲಾದರೂ ಹಾಲು ಉಕ್ಕಿದ ವಾಸನೆ ಬಂದರೆ ನೆನಪಾಗುತ್ತಿತ್ತು. ಒಬ್ಬ ಹೆಂಗಸು ಮೂವತ್ತು ವರ್ಷ ಹೊರಗೆ ನಿಂತಿದ್ದ ಬಾಗಿಲು ಅರ್ಧ ತೆರೆದಿತ್ತು, ನಾನು ಮೂರು ಗಂಟೆಯಾಯಿತು ಎಂದು ಅದನ್ನು ಮುಚ್ಚಿಬಿಟ್ಟೆ. ಇದಕ್ಕೆ ಯಾವ ಚೀಟಿ ಅಂಟಿಸಲಿ?

ಸತ್ವಾದಿಂದ ಬಂದ ಮರುದಿನ ಬಸವರಾಜ್‌ಗೆ ಫೋನ್ ಮಾಡಿದೆ. ಈಗ ಅವರು ಜುಮೇರಾ ಲೇಕ್ ಟವರ್ಸ್‌ನಲ್ಲಿ ಒಂದು ಟವರಿನ ಮೇಂಟೆನೆನ್ಸ್ ಸೂಪರ್‌ವೈಸರ್. ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿಗೇ ಹೋದೆ. ಕೆಳಗಿನ ಕೆಫೆಟೇರಿಯಾದಲ್ಲಿ ಚಹಾದ ಮುಂದೆ ಕ್ಯಾಸೆಟ್ ಇಟ್ಟು ಎಲ್ಲ ಹೇಳಿದೆ. ಜಪಾನಿ ಎಂಜಿನಿಯರ್ ಹೇಳಿದ ಎರಡನೆಯ ಮಾತನ್ನೂ ಹೇಳಿದೆ. ಬಸವರಾಜ್ ಕ್ಯಾಸೆಟ್ಟನ್ನು ಎತ್ತಿಕೊಂಡು ಚಿತ್ರದ ಮೊಳೆಗಳ ಮೇಲೆ ಬೆರಳಾಡಿಸಿದರು.

"ಬಿಡ್ರಿ ಅಕ್ಕಾರ. ನೀವು ಹೇಳಿದ್ರಿ, ಖರೆ. ಆದರ ಅವ್ವನ್ನ ಒಂದ ಮಾತ ಕೇಳಬೇಕಿತ್ತು ನಾನು. ಕೇಳಲಿಲ್ಲ" ಎಂದರು.

ಆಮೇಲೆ ಅವರೇ ಗದಗಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಅವ್ವ ಈಗ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜು, ಕೌದಿ ಬಿಟ್ಟು ನಾಲ್ಕು ವರ್ಷವಾಯಿತಂತೆ. ದನಿ ಮಾತ್ರ ಹಾಗೇ ಇದೆ.

"ಅವ್ವ, ನಾನು, ಅಬುಧಾಬಿ ಮನೆಯವಳು. ಆವತ್ತು ಊಟಕ್ಕೆ ಕೂತಾಗ ಜೂಜು ಅಂತ ಹೇಳಿದ್ದು ನಾನು ಬೇಕಂತಲೇ ಅವ್ವ. ನನಗೆ ಟಿವಿ ಬೇಕಿತ್ತು. ತಪ್ಪಾಯ್ತು" ಎಂದೆ. ಹತ್ತು ವರ್ಷ ಕಟ್ಟಿಕೊಂಡಿದ್ದ ಮಾತು, ಒಂದೇ ಉಸಿರಿಗೆ ಮುಗಿದುಹೋಯಿತು.

"ಗೊತ್ತೈತಿ ಬಿಡು ತಂಗಿ" ಎಂದರು ಅವ್ವ. ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾದ ಕುತೂಹಲವಿತ್ತು. "ಅದ ಇರಲಿ, ನಿನ್ನ ಆ ಧಾರಾವಾಹಿ, ನಾ ಅಡಗಿಮನ್ಯಾಗ ಕುಂತು ಕೇಳತಿದ್ದೆ. ನಾ ಊರಿಗೆ ಬಂದ ಮ್ಯಾಲೆ ಏನಾತವಾ? ಆ ಹುಡುಗಿ ಮದವಿ ಆತೋ ಇಲ್ಲೋ?"

ನಾನು ಫೋನ್ ಹಿಡಿದುಕೊಂಡು ನೆನಪು ಮಾಡಿಕೊಂಡೆ. ಎಷ್ಟು ಮಾಡಿಕೊಂಡರೂ ಆ ಹುಡುಗಿಯ ಮುಖ ಬರಲಿಲ್ಲ. ಮದುವೆಯೂ ಬರಲಿಲ್ಲ. ಈಗ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ, ಧಾರಾವಾಹಿಯ ಹೆಸರೇ ನೆನಪಾಗುತ್ತಿಲ್ಲ.

ಮಧ್ಯಾಹ್ನ ಮೂರಕ್ಕೆ ಬರುತ್ತಿತ್ತು. ನಿಮಗೆ ಯಾರಿಗಾದರೂ ಗೊತ್ತಾ?